ಮಾನಸಗಂಗೋತ್ರಿಯಿಂದ ಕಟ್ಟೆಮಳಲವಾಡಿಗೆ ಎಷ್ಟು ದೂರ?

ಸಾರ್ವಜನಿಕ ಸಂಪರ್ಕವನ್ನು ವಿಶ್ವವಿದ್ಯಾನಿಲಯದ ತರಗತಿಗೆ ತಂದವರ ಮಾತು ಬಂದಾಗಲೆಲ್ಲ ಎಡ್ವರ್ಡ್ ಬರ್ನೇಸ್ ಹೆಸರು ಕೇಳಿಬರುತ್ತದೆ. 1923ರಲ್ಲಿ ಅವರು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯ ಪಾಠ ಮಾಡಲು ತೊಡಗಿದರು. ಜನಾಭಿಪ್ರಾಯ ಹೇಗೆ ರೂಪುಗೊಳ್ಳುತ್ತದೆ ಎಂಬುದರ ಮೇಲೆ ಅವರು ಬರೆದ ಪುಸ್ತಕ ಬಂದದ್ದೂ ಅದೇ ವರ್ಷ. ಆರು ವರ್ಷ ಕಳೆದು 1929ರ ಈಸ್ಟರ್ ದಿನ, ಅದೇ ಮೇಷ್ಟ್ರು ತಂಬಾಕು ಕಂಪನಿಯೊಂದರ ಪರವಾಗಿ ನ್ಯೂಯಾರ್ಕಿನ ದೊಡ್ಡ ಬೀದಿಯಲ್ಲಿ ಹೆಂಗಸರು ಸಿಗರೇಟು ಹಚ್ಚಿಕೊಂಡು ನಡೆಯುವ ಏರ್ಪಾಡು ಮಾಡಿದರು. ಸಿಗರೇಟಿಗೆ ಅವರು ಕೊಡಿಸಿದ ಹೆಸರು 'ಸ್ವಾತಂತ್ರ್ಯದ ಪಂಜು'. ಮುಂದೆ ಸಿಗರೇಟಿಗೂ ಕ್ಯಾನ್ಸರಿಗೂ ನಂಟಿದೆ ಎಂದು ವೈದ್ಯರು ಹೇಳತೊಡಗಿದಾಗ, 1953ರ ಡಿಸೆಂಬರಿನಲ್ಲಿ ಅಮೆರಿಕದ ತಂಬಾಕು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಭೆ ಸೇರಿ ಮೊದಲು ನೆರವು ಕೇಳಿದ್ದು ಸಾರ್ವಜನಿಕ ಸಂಪರ್ಕ ಸಂಸ್ಥೆಯೊಂದನ್ನು. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಕಂಪನಿಗಳ ಇಡೀ ಪುಟದ 'ಮುಚ್ಚುಮರೆಯಿಲ್ಲದ ಹೇಳಿಕೆ' ಅಚ್ಚಾಯಿತು. ಅನುಮಾನವನ್ನು ಉಳಿಸಿಕೊಂಡು ಹೋಗುವುದೇ ಅದರ ಕೆಲಸವಾಗಿತ್ತು ಎಂಬುದು ಇವತ್ತು ಗುಟ್ಟೇನೂ ಅಲ್ಲ. ಬರ್ನೇಸ್ ಮುಪ್ಪಿನಲ್ಲಿ ತಂಬಾಕಿನ ವಿರುದ್ಧ ಮಾತಾಡಿದರು ಎಂಬುದನ್ನೂ ನ್ಯಾಯವಾಗಿ ಸೇರಿಸಬೇಕು. ಒಟ್ಟಿನಲ್ಲಿ, ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಜೊತೆಗೆ ಕಲಿಸುವ ಈ ವಿದ್ಯೆ ಬೆಳೆದದ್ದು ಒಂದು ಎಲೆಯ ದುಡ್ಡಿನಿಂದ. ಅದೇ ಎಲೆಯನ್ನು ಬೆಳೆಯುವ ಸೀಮೆ ಮೈಸೂರು ಜಿಲ್ಲೆಯಲ್ಲೇ ಇದೆ, ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಿಂದ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿಯಲ್ಲಿ. ಸಂವಹನದ ಪ್ರಾಧ್ಯಾಪಕರೊಬ್ಬರ ವೃತ್ತಿಜೀವನವನ್ನು ಅಳೆಯುವಾಗ ಆ ಸೀಮೆ ಲೆಕ್ಕಕ್ಕೇ ಬರುವುದಿಲ್ಲವಲ್ಲ, ನನ್ನ ತಕರಾರು ಅದು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಈ ನಾಲ್ಕು ಹೆಸರು ಒಟ್ಟಿಗೆ ಬಂದರೆ ಮೈಸೂರಿನವರಿಗೆ ಹೊಳೆಯುವುದು ಹೊಗೆಸೊಪ್ಪು. ವರ್ಜೀನಿಯಾ ತಳಿಯ ಈ ಬೆಳೆ ಮುಂಗಾರು ಮಳೆ ನಂಬಿಕೊಂಡು ಹಗುರ ಮಣ್ಣಿನಲ್ಲಿ ಬೆಳೆಯುವಂಥದ್ದು. ಕೆ.ಆರ್. ನಗರದ ನಾಲೆಯ ಬಯಲಿನಲ್ಲಿ ಭತ್ತ, ನೀರು ಹತ್ತದ ದಿಬ್ಬದ ಹೊಲದಲ್ಲಿ ಸೊಪ್ಪು. ಸಸಿಮಡಿಯಿಂದ ಹಿಡಿದು ಸೊಪ್ಪು ಹದ ಮಾಡುವ ಬ್ಯಾರನ್ನಿನ ಸೌದೆಯವರೆಗೆ ಎಲ್ಲದಕ್ಕೂ ಲೆಕ್ಕವಿದೆ, ಲೈಸೆನ್ಸ್ ಇದೆ. 1975ರ ಕಾಯ್ದೆಯ ಮೇಲೆ ನಿಂತ ತಂಬಾಕು ಮಂಡಳಿ ಪ್ರತಿ ವರ್ಷ ಇಡೀ ರಾಜ್ಯಕ್ಕೆ ಇಷ್ಟೇ ಬೆಳೆಯಬೇಕೆಂದು ಮಿತಿ ಹಾಕುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ಹೆಚ್ಚುಕಡಿಮೆ 10 ಕೋಟಿ ಕೆ.ಜಿ. ಸುತ್ತಮುತ್ತ. ಲೈಸೆನ್ಸ್ ಇಲ್ಲದೆ ಬೆಳೆದವರು, ಮಿತಿ ಮೀರಿ ಬೆಳೆದವರು ಪ್ರತಿ ಹಂಗಾಮಿನಲ್ಲೂ ದಂಡ ಮನ್ನಾ ಆಗುತ್ತದೋ ಇಲ್ಲವೋ ಎಂದು ದಿಲ್ಲಿಯತ್ತ ನೋಡುತ್ತಾರೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಂಥ ಕಡೆ ಹರಾಜು ಮಾರುಕಟ್ಟೆಗಳಿವೆ. ಅಲ್ಲಿ ಬೇಲುಗಳನ್ನು ಬಿಚ್ಚಿ ಸಾಲಾಗಿ ಇಟ್ಟಿರುತ್ತಾರೆ. ಕಂಪನಿಗಳ ಖರೀದಿದಾರರು ಸಾಲಿನ ನಡುವೆ ನಡೆಯುತ್ತಾ ಎಲೆ ಹಿರಿದು, ಬೆಳಕಿಗೆ ಹಿಡಿದು, ಬಣ್ಣ ನೋಡಿ, ಕೈಯಲ್ಲಿರುವ ಯಂತ್ರದಲ್ಲಿ ದರ ಒತ್ತುತ್ತಾರೆ. ಯಾರೂ ಒತ್ತದೇ ಹೋದರೆ ಆ ಬೇಲು 'ನೋ ಬಿಡ್'. ವರ್ಷದ ದುಡಿಮೆಗೆ ಬೆಲೆ ಬೀಳಲು ಹಿಡಿಯುವ ಸಮಯ ಇಷ್ಟೆ. ತನ್ನ ಸೊಪ್ಪು ಯಾವ ದರ್ಜೆಯದೆಂದು ರೈತನಿಗೆ ಮುಟ್ಟಿದರೆ ಗೊತ್ತಾಗುತ್ತದೆ. ನಿನ್ನೆ ಇದ್ದ ದರ ಇವತ್ತು ಯಾಕಿಲ್ಲ ಎಂಬುದನ್ನು ಅವನಿಗೆ ಬಿಡಿಸಿ ಹೇಳುವವರಿಲ್ಲ. ಆ ದರದ ಹಿಂದೆ ಬ್ರೆಜಿಲಿನ ಮಳೆಯಿದೆ, ಜಿಂಬಾಬ್ವೆಯ ಫಸಲಿದೆ, ಡಾಲರಿನ ಏರಿಳಿತವಿದೆ. ಕಂಪನಿಯ ಕಚೇರಿಗೆ ಈ ಸುದ್ದಿ ದಿನಾ ಬರುತ್ತದೆ, ಹರಾಜು ಮಾರುಕಟ್ಟೆಯ ಹೊರಗೆ ಚಹಾ ಕುಡಿಯುತ್ತ ನಿಂತವನಿಗೆ ಬರುವುದು ಗಾಳಿಮಾತು.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಬೇಕು. ಸಿಗರೇಟು ಪ್ಯಾಕಿನ 85 ಶೇಕಡಾ ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2016ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ಅದನ್ನು ರದ್ದು ಮಾಡಿತು, ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಒಂದು ಪೆಟ್ಟಿಗೆಯ ಮೇಲಿನ ಕೆಲವು ಚದರ ಸೆಂಟಿಮೀಟರಿಗಾಗಿ ದೇಶದ ಘಟಾನುಘಟಿ ವಕೀಲರು ವಾದ ಮಾಡಿದರು. ಇತ್ತ ಹೊಲದಲ್ಲಿ, ಮಳೆಗೋ ಇಬ್ಬನಿಗೋ ನೆನೆದ ಹಸಿ ಸೊಪ್ಪನ್ನು ಮುರಿದು, ತಬ್ಬಿ ತಂದು, ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಕಟ್ಟುವವರಲ್ಲಿ ಹೆಂಗಸರೇ ಹೆಚ್ಚು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ, ಸುಸ್ತು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ, 'ಹಸಿ ತಂಬಾಕು ಕಾಯಿಲೆ'. ಬಿಸಿಲು, ಉಪವಾಸ, ಪಿತ್ತ ಎಂದುಕೊಂಡು ಸುಮ್ಮನಾಗುವವರೇ ಬಹಳ. ಸೇದುವವನಿಗೆ ಪ್ಯಾಕಿನ ಮುಕ್ಕಾಲಿಗಿಂತ ಹೆಚ್ಚು ಜಾಗದಲ್ಲಿ ಎಚ್ಚರಿಕೆ ಉಂಟು. ಕಟ್ಟುವವಳ ಕಣ್ಣಿಗೆ ಬೀಳುವಂತೆ ಬ್ಯಾರನ್ನಿನ ಗೋಡೆಯ ಮೇಲೆ ಏನಿದೆ? ಸಮೂಹ ಸಂವಹನದಲ್ಲಿ ಪಿಎಚ್‌.ಡಿ. ಮಾಡಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ?

ಈ ಸೀಮೆಯವರ ಪರವಾಗಿ ಯಾರೂ ಮಾತಾಡುತ್ತಿಲ್ಲ ಎಂದು ಹೇಳಲಾಗದು. 1984ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಬೆಳೆಗಾರರ ಸಂಘವನ್ನು ವಿಶ್ವ ಆರೋಗ್ಯ ಸಂಸ್ಥೆಯ ಎದುರು ತಮ್ಮ ದನಿಯಾಗಿ ಬಳಸಿಕೊಳ್ಳುವ ಯೋಜನೆ ಕಂಪನಿಗಳಿಗಿತ್ತು ಎಂಬುದನ್ನು, ಅಮೆರಿಕದ ಮೊಕದ್ದಮೆಗಳಿಂದಾಗಿ ಹೊರಬಿದ್ದ ಕಂಪನಿಗಳ ಒಳಕಾಗದಗಳೇ ಹೇಳುತ್ತವೆ. ತಂಬಾಕು ನಿಯಂತ್ರಣ ಒಪ್ಪಂದದ ಸದಸ್ಯ ದೇಶಗಳ ಸಮ್ಮೇಳನ 2016ರ ನವೆಂಬರಿನಲ್ಲಿ ದಿಲ್ಲಿ ಪಕ್ಕದ ಗ್ರೇಟರ್ ನೊಯಿಡಾದಲ್ಲಿ ನಡೆದಾಗ ಬೆಳೆಗಾರರು ಹೊರಗೆ ನಿಂತು ಪ್ರತಿಭಟಿಸಿದರು. ಆ ಸುಮಾರಿಗೆ ರೈತರ ಹೆಸರಿನ ಜಾಹೀರಾತುಗಳು ಇಂಗ್ಲಿಷ್ ಪತ್ರಿಕೆಗಳಲ್ಲೂ ಬಂದವು. ರೈತನ ಸಂಕಟ ಸುಳ್ಳಲ್ಲ. ಹೊಗೆಸೊಪ್ಪು ಬಿಟ್ಟರೆ ಅಷ್ಟೇ ಮಳೆಯಲ್ಲಿ, ಅಷ್ಟೇ ನೆಲದಲ್ಲಿ ಕೈಗೆ ಕಾಸು ಕೊಡುವ ಬೆಳೆ ಯಾವುದು ಎಂಬ ಅವನ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿಲ್ಲ. ಆದರೆ ಒಬ್ಬರ ನಿಜವಾದ ಸಂಕಟವನ್ನು ಇನ್ನೊಬ್ಬರ ಲಾಭಕ್ಕೆ ಗುರಾಣಿ ಮಾಡಿಕೊಳ್ಳುವುದು ಸಾರ್ವಜನಿಕ ಸಂಪರ್ಕದ ಹಳೆಯ ಕಸುಬು. ಅದನ್ನು ಬಿಡಿಸಿ ತೋರಿಸುವ ಶಕ್ತಿ ಇರುವುದು ಆ ಕಸುಬನ್ನೇ ಓದಿದವರಿಗೆ. ಬೆಳೆಗಾರ ಯಾರು, ಬೆಳೆಗಾರನ ಮುಖವಾಡ ಯಾವುದು ಎಂದು ಬೇರೆ ಮಾಡಿ ಹೇಳಲು ಕಂಪನಿಯ ಸಂಬಳವಿಲ್ಲದ, ಮಂಡಳಿಯ ಹಂಗಿಲ್ಲದ, ಕೆಲಸ ಹೋಗುವ ಭಯವಿಲ್ಲದ ಒಬ್ಬರು ಬೇಕು. ಕಾಯಂ ಪ್ರಾಧ್ಯಾಪಕರ ಹುದ್ದೆ ಎಂದರೆ ಹೆಚ್ಚುಕಡಿಮೆ ಅದೇ ತಾನೆ.

ಹಾಗಾದರೆ ಅವರು ಅಲ್ಲಿಗೆ ಯಾಕೆ ಹೋಗುವುದಿಲ್ಲ? ಸೋಮಾರಿತನವೆಂದು ಬೈದರೆ ಅನ್ಯಾಯವಾಗುತ್ತದೆ. ಬಡ್ತಿಯ ಏಣಿ ಎತ್ತ ವಾಲಿಸಿಟ್ಟಿದೆಯೋ ಅತ್ತಲೇ ಮನುಷ್ಯ ಹತ್ತುತ್ತಾನೆ. ಯುಜಿಸಿಯ 2018ರ ನಿಯಮಗಳ ಪ್ರಕಾರ ನೇರ ನೇಮಕದಲ್ಲಿ ಪ್ರಾಧ್ಯಾಪಕರಾಗಲು ಪಿಎಚ್‌.ಡಿ., ಹತ್ತು ವರ್ಷದ ಅನುಭವ, ಕನಿಷ್ಠ 10 ಸಂಶೋಧನಾ ಪ್ರಕಟಣೆ, 120 ಸಂಶೋಧನಾ ಅಂಕ ಬೇಕು. ಅಂಕದ ಪಟ್ಟಿ ಓದುವುದೇ ಒಂದು ಶಿಕ್ಷಣ. ಮಾನವಿಕ ಮತ್ತು ಸಮಾಜ ವಿಜ್ಞಾನದವರ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ. ಸಲಹಾ ಸೇವೆಗೆ, ಅಂದರೆ ಕಂಪನಿಗೆ ಬುದ್ಧಿ ಹೇಳಿದರೆ, 3 ಅಂಕ. ರಾಜ್ಯ ಸರ್ಕಾರಕ್ಕೆ ಕೊಟ್ಟ ನೀತಿ ದಾಖಲೆಗೆ 4. ವಿಚಾರ ಸಂಕಿರಣದಲ್ಲಿ ಮಾತಾಡಿದರೂ ಅಂಕವುಂಟು. ಕಂಪಲಾಪುರದ ಸಂತೆಯಲ್ಲಿ ನಿಂತು ಹರಾಜಿನ ದರಪಟ್ಟಿ ಓದುವುದು ಹೇಗೆಂದು ಇನ್ನೂರು ಜನಕ್ಕೆ ಹೇಳಿಕೊಟ್ಟರೆ ಈ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಪತ್ರಿಕೆಗೆ ಬರೆಯುವ ಲೇಖನಕ್ಕೂ ಇಲ್ಲ. ಪತ್ರಿಕೋದ್ಯಮದ ಪ್ರಾಧ್ಯಾಪಕರು ಪತ್ರಿಕೆಗೆ ಬರೆದರೆ ಲೆಕ್ಕಕ್ಕಿಲ್ಲ ಎಂಬ ವಿಡಂಬನೆ ಯಾರನ್ನೂ ನಗಿಸದಷ್ಟು ರೂಢಿಯಾಗಿದೆ. ಹೀಗಾಗಿ ನಲವತ್ತೈದು ಕಿಲೋಮೀಟರ್ ದೂರದ ಹುಣಸೂರಿನ ಬಗ್ಗೆ ಬರೆದರೂ ಅದನ್ನು ಇಂಗ್ಲಿಷಿನಲ್ಲಿ, ಹುಣಸೂರಿನ ಯಾರೂ ತೆರೆದು ನೋಡದ ನಿಯತಕಾಲಿಕಕ್ಕೆ ಬರೆಯಬೇಕು. ಮಾಹಿತಿ ಕೊಟ್ಟ ರೈತ ಅದರಲ್ಲಿ 'ಪ್ರತಿಕ್ರಿಯೆ ನೀಡಿದವರು' ಎಂಬ ಶೇಕಡಾವಾರು ಲೆಕ್ಕವಾಗಿ ಉಳಿಯುತ್ತಾನೆ.

ಮೈಸೂರಿನಲ್ಲಿ ಹೀಗಿರಬೇಕಾಗಿರಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು. ಸರ್ಕಾರದ ಆದೇಶವಿರಲಿಲ್ಲ, ಬಡ್ತಿಯ ಅಂಕವೂ ಇರಲಿಲ್ಲ. 'ಆಕಾಶವಾಣಿ' ಎಂಬ ಹೆಸರು ಇಡೀ ದೇಶದ ಬಾನುಲಿಗೆ ಸಲ್ಲುವ ಮೊದಲು ಮೈಸೂರಿನ ಆ ಕೇಂದ್ರದ ಹೆಸರಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಆರೋಗ್ಯ, ಚರಿತ್ರೆ ಹೇಳಿ, ಆ ಮಾತುಗಳು ಕಡಿಮೆ ಬೆಲೆಯ ಚಿಕ್ಕ ಪುಸ್ತಕಗಳಾಗಿ ಬಂದವು. ಅದಕ್ಕೆ ಇಟ್ಟ ಹೆಸರು ಪ್ರಚಾರೋಪನ್ಯಾಸ. ಪ್ರಚಾರ ಎಂಬ ಮಾತಿಗೆ ಆಗ ಅಷ್ಟು ಮರ್ಯಾದೆಯಿತ್ತು, ತಿಳಿವಳಿಕೆ ಸುತ್ತಾಡಿಕೊಂಡು ಬರಲಿ ಎಂಬ ಅರ್ಥ. 1951ರಲ್ಲಿ ನಾಡಿಗ ಕೃಷ್ಣಮೂರ್ತಿ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಆರಂಭಿಸಿದರು. ಅಶೋಕನ ಕಾಲದಿಂದ ನೆಹರೂ ಕಾಲದವರೆಗಿನ ಭಾರತೀಯ ಪತ್ರಿಕೋದ್ಯಮದ ಬಗ್ಗೆ ಅವರು ಬರೆದ ದೊಡ್ಡ ಗ್ರಂಥವನ್ನು 1966ರಲ್ಲಿ ಹೊರತಂದದ್ದು ಇದೇ ವಿಶ್ವವಿದ್ಯಾನಿಲಯದ ಪ್ರಸಾರಾಂಗ. ಅಂದರೆ ಮೈಸೂರಿನಲ್ಲಿ ಈ ವಿದ್ಯೆಯ ಬೇರು ಜಾಹೀರಾತು ಕಂಪನಿಯಲ್ಲಿಲ್ಲ, ಊರಿನ ಕಡೆಗೆ ನಡೆದ ಮೇಷ್ಟ್ರುಗಳ ಚಪ್ಪಲಿಯಲ್ಲಿದೆ.

ನಮ್ಮ ಕಾಲದ ಉದಾಹರಣೆಯೂ ಇದೆ, ಆದರೆ ಅದು ಪಕ್ಕದ ವಿಭಾಗದ್ದು. ನಾಗರಹೊಳೆ ಕಾಡಿನಿಂದ ಹೊರಬಿದ್ದ ಜೇನುಕುರುಬ, ಕಾಡುಕುರುಬ ಮೊದಲಾದ ಕುಟುಂಬಗಳ ಸ್ಥಿತಿ ತಿಳಿಯಲು ಹೈಕೋರ್ಟ್ ಆದೇಶದ ಮೇರೆಗೆ ರಚನೆಯಾದ ಸಮಿತಿಗೆ ಮುಖ್ಯಸ್ಥರಾಗಿದ್ದವರು ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿ. 2014ರ ಅವರ ವರದಿ 3,418 ಕುಟುಂಬಗಳನ್ನು ಲೆಕ್ಕಕ್ಕೆ ತಂದಿತು. ಹುಣಸೂರು, ಎಚ್.ಡಿ. ಕೋಟೆಯ ಹಾಡಿಗಳ ಬಗ್ಗೆ ಯಾರು ಮಾತಾಡಿದರೂ, ಯಾರು ಅರ್ಜಿ ಬರೆದರೂ ಅಸ್ಸಾದಿ ವರದಿಯ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. ಪುನರ್ವಸತಿ ಇನ್ನೂ ಮುಗಿಯದ ಕಥೆ, ಅದು ಬೇರೆ ಮಾತು. ಒಂದು ಸಂಖ್ಯೆ ಜನರ ಬಾಯಿಗೆ ಬಂದು ಹತಾರವಾಯಿತಲ್ಲ, ಸಂವಹನ ಎಂದರೆ ಅದೇ. ಆ ವರದಿಯನ್ನು ಇವತ್ತಿನ ಪಟ್ಟಿಯಲ್ಲಿ ತೂಗಿದರೆ ಸಿಗುವ ಅಂಕ ಒಂದು ಲೇಖನದ ಅರ್ಧಕ್ಕಿಂತ ಕಡಿಮೆ. ಸರಗೂರಿನಲ್ಲಿ 90.8 ಎಫ್‌ಎಂ 'ಜನಧ್ವನಿ' ಸಮುದಾಯ ಬಾನುಲಿ ನಡೆಸುತ್ತಿರುವುದು ಸ್ವಾಮಿ ವಿವೇಕಾನಂದ ಯುವ ಚಳವಳಿ ಎಂಬ ಸ್ವಯಂಸೇವಾ ಸಂಸ್ಥೆ. ಗೋಪಾಲಸ್ವಾಮಿಯವರ ವಿಶ್ವವಿದ್ಯಾನಿಲಯ ಕಾಡಂಚಿನಲ್ಲಿ ಮಾಡಬಹುದಾಗಿದ್ದ ಕೆಲಸವನ್ನು ಅವರು ಮಾಡುತ್ತಿದ್ದಾರೆ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು. ವಿಶ್ವವಿದ್ಯಾನಿಲಯವೆಂದರೆ ವಿಶ್ವದ ಜ್ಞಾನ. ನಾಲ್ಕು ತಾಲ್ಲೂಕಿಗೆ ಅದನ್ನು ಕಟ್ಟಿಹಾಕುವುದು ಕೃಷಿ ವಿಸ್ತರಣಾಧಿಕಾರಿಯ ಕೆಲಸವನ್ನು ಪ್ರಾಧ್ಯಾಪಕರ ತಲೆಗೆ ಕಟ್ಟಿದಂತೆ. ಹಾಗೆಂದು ಅವರಿಗೆ ಗೊಬ್ಬರದ ಪ್ರಮಾಣ ಹೇಳಿ ಎಂದು ಯಾರೂ ಕೇಳುತ್ತಿಲ್ಲ. ದರ ಬಿದ್ದ ದಿನ ಸುದ್ದಿ ಎಲ್ಲಿಂದ ಹುಟ್ಟಿ, ಯಾವ ವಾಟ್ಸ್ಆ್ಯಪ್ ಗುಂಪಿನಿಂದ ಯಾವುದಕ್ಕೆ ದಾಟಿ, ಯಾವ ರೂಪದಲ್ಲಿ ರಸ್ತೆ ತಡೆಗೆ ಬರುತ್ತದೆ ಎಂಬುದು ಸಿದ್ಧಾಂತದ ಪ್ರಶ್ನೆ. ಅಧಿಕೃತ ಮಾತನ್ನು ಜನ ಯಾವಾಗ ನಂಬುತ್ತಾರೆ, ಯಾವಾಗ ನಂಬುವುದಿಲ್ಲ ಎಂಬುದು ಜಗತ್ತಿನ ಎಲ್ಲ ಸಂವಹನ ವಿಭಾಗಗಳ ಪ್ರಶ್ನೆ. ಅದಕ್ಕೆ ಹುಣಸೂರಿಗಿಂತ ದೊಡ್ಡ ಪ್ರಯೋಗಶಾಲೆ ಎಲ್ಲಿ ಸಿಕ್ಕೀತು? ಪಿರಿಯಾಪಟ್ಟಣ ತಾಲ್ಲೂಕು ಒಂದನ್ನೇ ನೋಡಿ. 1960ರ ದಶಕದ ಆರಂಭದಲ್ಲಿ ನೆಲೆಗೊಂಡ ಬೈಲಕುಪ್ಪೆಯ ಟಿಬೆಟನ್ನರ ಹೆಸರು ಜಗತ್ತಿಗೆಲ್ಲ ಗೊತ್ತು. ಅವರ ನೆರೆಯ ಬೆಳೆಗಾರನ ಹೆಸರು ಮೈಸೂರಿಗೇ ಗೊತ್ತಿಲ್ಲ. ಒಂದೇ ತಾಲ್ಲೂಕಿನ ಎರಡು ಸಮುದಾಯಗಳಲ್ಲಿ ಒಂದರ ದನಿ ದೂರ ಕೇಳಿ ಇನ್ನೊಂದರದ್ದು ಕೇಳದಿರಲು ಕಾರಣವೇನು?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ನೆಲದ ಜಗಳಕ್ಕೆ ಇಳಿದ ಪ್ರಾಧ್ಯಾಪಕರು ರಾಜಕೀಯಕ್ಕೆ ಸಿಕ್ಕಿಬೀಳುತ್ತಾರೆ. ಹೊಗೆಸೊಪ್ಪು ಕಡಿಮೆ ಮಾಡಿ ಎಂದರೆ ರೈತರು ಮುನಿಯುತ್ತಾರೆ, ಮಿತಿ ಹೆಚ್ಚಿಸಿ ಎಂದರೆ ಆರೋಗ್ಯದವರು ಕಂಪನಿಯ ಏಜೆಂಟ್ ಎನ್ನುತ್ತಾರೆ. ಈ ಅಪಾಯ ಇದೆ. ಆದರೆ ಈಗಿರುವ ವ್ಯವಸ್ಥೆಯೂ ತಟಸ್ಥವೇನಲ್ಲ. ಕಂಪನಿಗೆ ಸಲಹೆ ಕೊಟ್ಟವರಿಗೆ 3 ಅಂಕ ಕೊಟ್ಟು ಬೆಳೆಗಾರನಿಗೆ ಕೊಟ್ಟವರಿಗೆ ಸೊನ್ನೆ ಕೊಡುವ ಪಟ್ಟಿ ಆಗಲೇ ಒಂದು ಕಡೆ ವಾಲಿದೆ. ಯಾರ ದುಡ್ಡಿನಲ್ಲಿ ಅಧ್ಯಯನ ನಡೆಯಿತು ಎಂದು ಮೊದಲ ಸಾಲಿನಲ್ಲೇ ಬರೆಯುವುದು, ಕೆಲಸ ಮುಗಿದ ಮೇಲೆ ಮಾಹಿತಿಯನ್ನು ಕನ್ನಡದಲ್ಲಿ ಎಲ್ಲರಿಗೂ ತೆರೆದಿಡುವುದು, ಏನು ಮಾಡಬೇಕು ಎಂಬ ತೀರ್ಮಾನವನ್ನು ಜನರಿಗೆ ಬಿಡುವುದು: ಇಷ್ಟು ಶಿಸ್ತಿದ್ದರೆ ಅಪಾಯ ಪೂರ್ತಿ ಹೋಗದು, ತಾಳಿಕೊಳ್ಳುವ ಮಟ್ಟಕ್ಕಂತೂ ಇಳಿಯುತ್ತದೆ.

ಮಕ್ಕಳಿಗೆ ಬೇಕಾಗಿರುವುದು ಬೆಂಗಳೂರಿನ ಕಾರ್ಪೊರೇಟ್ ಕೆಲಸ, ಹಳ್ಳಿ ಕಟ್ಟಿಕೊಂಡು ಅವರೇನು ಮಾಡಲಿ ಎನ್ನುವವರಿಗೆ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರವನ್ನು ತೋರಿಸಬೇಕು. ಅಲ್ಲಿನ ಹಕ್ಕಿಪಿಕ್ಕಿ ಜನ ತಲೆಗೂದಲ ಎಣ್ಣೆ, ಗಿಡಮೂಲಿಕೆ ಮಾರುತ್ತಾ ಆಫ್ರಿಕಾದವರೆಗೆ ಹೋಗುತ್ತಾರೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡು ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದಾಗಲೇ ನಾಡಿನ ಬಹುಪಾಲು ಜನರಿಗೆ ಈ ವ್ಯಾಪಾರದ ಹರವು ಗೊತ್ತಾದದ್ದು. ಆಮೇಲೆ 'ಆದಿವಾಸಿ ಹೇರ್ ಆಯಿಲ್' ಮೊಬೈಲ್ ತೆರೆ ಮೇಲೆ ಮೆರೆಯಿತು. ಮೊಣಕಾಲು ಮುಟ್ಟುವ ಕೂದಲು ಬಿಟ್ಟುಕೊಂಡ ಗಂಡಸರು, ಹೆಂಗಸರು, ಎಣ್ಣೆ ಕುದಿಯುವ ದೊಡ್ಡ ಬಾಣಲೆ, ಹೊರರಾಜ್ಯದಿಂದ ಬಂದು ವಿಡಿಯೊ ಮಾಡಿಕೊಂಡು ಹೋದ ಪ್ರಸಿದ್ಧರು. ಸಾರ್ವಜನಿಕ ಸಂಪರ್ಕದ ಯಾವ ಪದವಿಯೂ ಇಲ್ಲದವರು ಮಾಡಿದ ಪ್ರಚಾರ ಇದು. ಕೂದಲು ಬೆಳೆಯುತ್ತದೆ ಎಂಬ ಮಾತಿಗೆ ಪುರಾವೆ ಏನು, ಅದೇ ಹೆಸರಿನ ನಕಲಿ ಬಾಟಲಿಗಳನ್ನು ತಡೆಯುವುದು ಹೇಗೆ, ಜಾಹೀರಾತಿನ ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆಗಳು ಈಗ ಅವರ ಮನೆ ಬಾಗಿಲಿಗೆ ಬಂದಿವೆ. ಎಂ.ಎ. ಮುಗಿಸಿದ ಹುಡುಗಿಗೆ ಇಲ್ಲಿ ಕೆಲಸವೂ ಇದೆ, ಸಂಬಳ ಕೊಡಬಲ್ಲ ಯಜಮಾನರೂ ಇದ್ದಾರೆ. ಕಲಿಸಿ ಕಳುಹಿಸುವವರಿಗೆ ಪಕ್ಷಿರಾಜಪುರದ ದಾರಿ ಗೊತ್ತಿರಬೇಕು, ಅಷ್ಟೆ.

ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಖಾಲಿ ಹುದ್ದೆಗಳು ಬಿದ್ದಿವೆ, ಪಾಠ ನಡೆಯುವುದು ಅತಿಥಿ ಉಪನ್ಯಾಸಕರಿಂದ. ತಿಂಗಳ ಸಂಬಳವೇ ಖಾತ್ರಿಯಿಲ್ಲದವರನ್ನು ಬ್ಯಾರನ್ನಿನ ಮುಂದೆ ಹೋಗಿ ನಿಲ್ಲಿ ಎನ್ನುವುದು ಯಾವ ನ್ಯಾಯ? ಹುದ್ದೆ ತುಂಬದೆ ಈ ಮಾತೆಲ್ಲ ಅರ್ಧ ಮಾತೇ. ಆದರೆ ತುಂಬುವ ಹೊತ್ತಿಗೆ ಏಣಿಯನ್ನೂ ಸರಿಯಾಗಿ ಇಡಬೇಕಲ್ಲ. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮಗಳು ಅಂಕದ ಪಟ್ಟಿಯನ್ನು ಬದಿಗಿಟ್ಟು 'ಗಮನಾರ್ಹ ಕೊಡುಗೆ'ಯ ಒಂಬತ್ತು ಕ್ಷೇತ್ರಗಳನ್ನು ಹೆಸರಿಸಿದವು. ಭಾರತೀಯ ಭಾಷೆಗಳಲ್ಲಿ ಬೋಧನೆ, ಸಮುದಾಯದೊಂದಿಗಿನ ಒಡನಾಟ ಮತ್ತು ಸೇವೆ ಅವುಗಳಲ್ಲಿ ಸೇರಿದ್ದವು. ಕುಲಪತಿ ನೇಮಕದ ಅಧಿಕಾರ ರಾಜ್ಯಗಳ ಕೈ ತಪ್ಪುತ್ತದೆ ಎಂದು ಕರ್ನಾಟಕ ಆ ಕರಡನ್ನು ವಿರೋಧಿಸಿತು. ವಿರೋಧಕ್ಕೆ ಕಾರಣವಿತ್ತು, ಆದರೆ ಆ ಗದ್ದಲದಲ್ಲಿ ಸಮುದಾಯ ಸೇವೆಯ ಈ ಒಂದು ಸಾಲಿನ ಬಗ್ಗೆ ಚರ್ಚೆಯೇ ಆಗಲಿಲ್ಲ. ಸೇವೆಯನ್ನು ಅಳೆಯುವುದು ಹೇಗೆ ಎಂದು ತಲೆ ಕೆರೆದುಕೊಳ್ಳುವವರು, ಲೇಖನದ ಗುಣವನ್ನು 10 ಎಂಬ ಒಂದೇ ಸಂಖ್ಯೆಯಲ್ಲಿ ಅಳೆದು ತೃಪ್ತಿಪಟ್ಟವರೇ ಆಗಿರುವುದು ತಮಾಷೆ. ರೈತರು, ಪತ್ರಕರ್ತರು, ಬೇರೆ ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರು ಇರುವ ಒಂದು ಸಮಿತಿ ಐದು ವರ್ಷಕ್ಕೊಮ್ಮೆ ಹೋಗಿ ನೋಡಿ ಬರೆದರೆ ಸಾಕು. ಯಾವ ಹಾಳೆ ಹಂಚಿದರು, ಯಾವ ಬಾನುಲಿ ಕಾರ್ಯಕ್ರಮ ಮಾಡಿದರು, ಅದರಿಂದ ಯಾರಿಗೆ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು.

ಎಲ್ಲಿಂದ ಶುರು ಮಾಡಬಹುದೆಂದರೆ, ಮುಂಗಾರಿನ ಸೊಪ್ಪು ಕಟ್ಟುವ ಹೊತ್ತಿಗೆ ಬ್ಯಾರನ್ನಿನ ಗೋಡೆಗೆ ಅಂಟಿಸುವ ಒಂದು ಹಾಳೆಯಿಂದ. ಸೊಪ್ಪು ಒದ್ದೆಯಿದ್ದಾಗ ಮುರಿಯಬೇಡಿ, ಕೈಗವಸು ಹಾಕಿ, ಮೈ ನೆಂದರೆ ಬಟ್ಟೆ ಬದಲಿಸಿ, ತಲೆ ಸುತ್ತಿದರೆ ಕೆಲಸ ನಿಲ್ಲಿಸಿ ನೆರಳಿಗೆ ಬನ್ನಿ. ನಾಲ್ಕು ಸಾಲು, ದೊಡ್ಡ ಅಕ್ಷರ, ಓದಲು ಬಾರದವರಿಗೆ ಚಿತ್ರ. ಚಿತ್ರದಲ್ಲಿರುವುದು ಕೈಗವಸೋ ಪ್ಲಾಸ್ಟಿಕ್ ಚೀಲವೋ, ಆಕೆ ಅದನ್ನು ನಿಜವಾಗಿ ಹಾಕಿಕೊಳ್ಳುತ್ತಾಳೋ ಇಲ್ಲವೋ, ಮಾಲೀಕ ಅದಕ್ಕೆ ದುಡ್ಡು ಕೊಡುತ್ತಾನೋ ಇಲ್ಲವೋ ಎಂಬುದನ್ನು ಬ್ಯಾರನ್ನಿನ ಮುಂದೆ ನಾಲ್ಕು ದಿನ ಕೂತೇ ತಿಳಿಯಬೇಕು. ಕೂತು ಬಂದವರು ಬರೆಯುವ ಲೇಖನಕ್ಕೆ 10 ಅಂಕ ಬಂದರೆ ಬರಲಿ, ಅವರು ಅಂಟಿಸಿ ಬಂದ ಹಾಳೆಗೂ ಅದೇ ಪಟ್ಟಿಯಲ್ಲಿ ಒಂದು ಸಾಲು ಇರಲಿ.